ಮರವಂತೆ ಮಾವನ ರೈಲು ಎಂಜಿನ್

ಮೊನ್ನೆ ಕುಂದಾಪುರದ ನನ್ನ ರಿಪೇರಿ ಅಂಗಡಿಗೆ ಒಬ್ಬರು ಹಳೆಯ ಆಟದ ರೈಲು ಎಂಜಿನ್ ತಂದುಕೊಟ್ಟರು. ಮುಚ್ಚಳ ಬಿಚ್ಚಿದ್ದೇ ತಡ, ಒಣಗಿದ ಗ್ರೀಸಿನ ವಾಸನೆ ಮೂಗಿಗೆ ಹೊಡೆಯಿತು. ಮರವಂತೆಯ ನಮ್ಮ ಆಚೆಮನೆ ಮಾವ ನೆನಪಾದರು...

ಮಾವ ಮೀನಿನ ಬೋಟಿನ ಡ್ರೈವರ್. ಮುಂಬೈಯಲ್ಲಿದ್ದಾಗ ಗುಜರಿಯವನ ಹತ್ತಿರ ಒಂದು ಪುಟ್ಟ ಕಪ್ಪು ಎಂಜಿನ್, ಒಂದಷ್ಟು ಹಳಿ ಕೊಂಡಿದ್ದರಂತೆ. ಮಳೆಗಾಲದಲ್ಲಿ ಬೋಟಿಗೆ ರಜೆ. ಜಗಲಿ ತುಂಬ ಹಳಿ ಹಾಸಿ ಓಡಿಸುತ್ತಿದ್ದರು. ಕಾಲಿಡಲು ಜಾಗವಿಲ್ಲ ಎಂದು ಅತ್ತೆ ಬೈದರೆ ಕೇಳಿಸದವರ ಹಾಗೆ ವೇಗದ ಗುಂಡಿ ತಿರುಗಿಸುತ್ತಿದ್ದರು.

ಆಮೇಲೆ ಮಾವನಿಗೆ ಲಕ್ವ ಹೊಡೆಯಿತು. ಎದ್ದು ಓಡಾಡುವಂತಾದರು, ಬಲಗೈಯ ನಡುಕ ಮಾತ್ರ ಹೋಗಲಿಲ್ಲ. ಆ ಕೈಯಲ್ಲಿ ಗುಂಡಿ ತಿರುಗಿಸಿದರೆ ಎಂಜಿನ್ ಹುಚ್ಚು ಕರುವಿನಂತೆ ನೆಗೆದು ಹಳಿ ಬಿಟ್ಟು ಕೆಳಗೆ. ನಾನು ಓಡಿಸಿ ತೋರಿಸಲಾ ಎಂದರೆ ಮುಖ ತಿರುಗಿಸುತ್ತಿದ್ದರು. ಅವರಿಗೆ ನೋಡುವುದು ಬೇಡ, ತಾವೇ ಓಡಿಸಬೇಕು. ಕೊನೆಗೆ ಎಂಜಿನ್ನನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ನನಗೆ ತಡೆಯಲಾಗಲಿಲ್ಲ.

"ನಂಗೆ ಕೊಡಿ ಮಾವ. ಒಳಗೊಂದ್ ಚಿಪ್ ಕೂರ್ಸಿ ಕೊಡ್ತೆ. ನಿಮ್ಮ ಕೈ ಎಷ್ಟ್ ನಡ್ಗಿರೂ ಅದ್ ನಿಧಾನ್ಕೇ ಹೊರ್ಡತ್ತ್," ಎಂದೆ.

"ನನ್ ಎಂಜಿನ್ ಸುಟ್ರೆ ನಿನ್ನ ಬಿಡ್ತಿಲ್ಲೆ ಮಾರಾಯ್ತಿ!"

ಸುಡುವವಳಲ್ಲ ನಾನು. ಹಳೆಯ ಎಂಜಿನ್‌ಗಳಲ್ಲಿ ಮೋಟರಿನ ಒಂದು ತುದಿ ಲೋಹದ ಮೈಗೇ ತಾಗಿಕೊಂಡಿರುತ್ತದೆ. ಅದನ್ನು ಬಿಡಿಸದೆ ಚಿಪ್ ಹಾಕಿದರೆ ಢಮಾರ್. ಬಿಡಿಸಿದೆ, ಬೆಸುಗೆ ಹಾಕಿದೆ, ಮಾವನ ಕೈಗೆಂದೇ ವೇಗ ನಿಧಾನವಾಗಿ ಏರುವಂತೆ ಹೊಂದಿಸಿದೆ. ಅಂಗಡಿಯ ಹಳಿಯ ಮೇಲೆ ಬೆಣ್ಣೆಯ ಹಾಗೆ ಹೋಯಿತು. ಆ ಚಿಪ್‌ಗೆ ಹೊಂದುವ, ಗುಂಡಿಯಿರುವ ಹೊಸ ಕಂಟ್ರೋಲರನ್ನೂ ಹಿಡಿದು, ಎದೆಯುಬ್ಬಿಸಿಕೊಂಡು ಹೋಗಿ ಮಾವನ ಜಗಲಿಯ ಹಳಿಯ ಮೇಲಿಟ್ಟರೆ... ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ! ಮಾವನ ಮುಖ ಬಾಡಿತು.

ಹಳಿಗೆ ಬೆರಳಿಟ್ಟು ನೋಡಿದೆ. ಉದ್ದಕ್ಕೂ ಬೋಟಿನ ಗ್ರೀಸ್.

"ಎಂತ ಮಾವ ಇದ್?"

"ಉಪ್ಪ್ ಗಾಳಿ ಅಲ್ದಾ? ತುಕ್ಕ್ ಹಿಡಿತ್ತ್. ನೀ ಬತ್ತೆ ಅಂದದ್ದಕ್ಕೆ ಬೆಳಿಗ್ಗೆಯೇ ಸವ್ರಿ ಇಟ್ಟಿದೆ."

ಸಮುದ್ರದ ಬದಿಯವರು, ಕಬ್ಬಿಣ ಕಂಡಲ್ಲೆಲ್ಲ ಗ್ರೀಸ್ ಸವರುವವರೇ. ಅದರ ಮೇಲಿಂದ ಚಕ್ರಕ್ಕೆ ಹಳಿಯ ಕರೆಂಟ್ ಹತ್ತುವುದಾದರೂ ಹೇಗೆ! ಬೈಯುತ್ತಲೇ ಅತ್ತೆಯ ಹಳೆ ಸೀರೆಯ ತುಂಡಿನಿಂದ ಒರೆಸಿದೆ. ಅತ್ತೆ ಬಾಗಿಲಲ್ಲಿ ನಿಂತು ನಕ್ಕು ನಕ್ಕು ಸುಸ್ತಾದರು.

ಮಾವ ಗುಂಡಿ ತಿರುಗಿಸಿದರು. ಕೈ ನಡುಗಿತು. ಎಂಜಿನ್ ಸ್ವಲ್ಪ ತಡೆದು, ಮೆಲ್ಲಗೆ ಹೊರಟು, ಜಗಲಿ ಸುತ್ತಿ ಬಂತು. "ಹ್ವಾಯ್, ಬನ್ನಿ ಕಾಣಿ, ನಾನೇ ಓಡ್ಸುದ್!" ಎಂದು ರಸ್ತೆಯಲ್ಲಿ ಹೋಗುವವರನ್ನೆಲ್ಲ ಕೂಗಿದರು. ಅವತ್ತಿನಷ್ಟು ಖುಷಿ ನನಗೆ ಮತ್ತೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಮಾವ ಹೋಗಿ ವರ್ಷಗಳಾದವು. ಎಂಜಿನ್ನನ್ನು ಅತ್ತೆ ನನಗೇ ಕೊಟ್ಟರು, ಅಂಗಡಿಯಲ್ಲಿಟ್ಟುಕೊಂಡಿದ್ದೇನೆ. ಮೊನ್ನೆಯ ಗಿರಾಕಿ ಅದನ್ನು ಓಡಿಸಿ ನೋಡಿ, "ಹೊರಡಲಿಕ್ಕೆ ಇಷ್ಟು ಹೊತ್ತಾ? ಸೆಟ್ಟಿಂಗ್ ಬದಲಿಸಿ," ಎಂದರು. ಬದಲಿಸುವುದು ನನಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಮಾವನ ಕೈಗೆಂದು ಹೊಂದಿಸಿದ್ದು ಅದು, ಆ ಕೈಯೇ ಈಗ ಇಲ್ಲವಲ್ಲ... ಎಂಜಿನ್ನನ್ನು ಹಳಿಯಿಂದ ಎತ್ತಿ ಮೆಲ್ಲಗೆ ಒರೆಸಿದೆ.

"ಇರಲಿ ಬಿಡಿ," ಎಂದೆ. "ಅದು ಹೊರಡುವುದೇ ಹಾಗೆ."