ಓದದೆ ಬಿಟ್ಟ ಪುಟ

ಮಿಸ್ತ್ರಿಯವರ ಕೈಗಳು ಮೊಣಕೈವರೆಗೂ ಡೀಸೆಲ್ ಕುಡಿದು ಕಪ್ಪಾಗಿದ್ದವು. ಬಲಗೈಯ ಎರಡು ಬೆರಳ ತುದಿ ಮಾತ್ರ ಕೂಸಿನ ಹಿಮ್ಮಡಿಯಂತೆ ನುಣ್ಣಗಿದ್ದವು. ದಿನಾ ಸಂಜೆ ಅವಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. ಎಂಥ ವ್ಯಾನಿಟಿ ಎಂದು ಮೊದಮೊದಲು ನಾನು ನಗುತ್ತಿದ್ದೆ.

ಗಂಗಾವತಿಯಲ್ಲಿ ನಮ್ಮ ಕಂಪೌಂಡಿಗೆ ಹತ್ತಿಯೇ ಅವರ ಶೆಡ್. ಕಾರಟಗಿ ಕಡೆಯಿಂದ ಭತ್ತ ಕೊಯ್ಯುವ ಯಂತ್ರಗಳು ಅಲ್ಲಿಗೆ ಬರುತ್ತಿದ್ದವು. ಹೊಳೆ ದಾಟಿಸುವ ಬೋಟಿನ ಎಂಜಿನ್ ಮುನಿಸಿಕೊಂಡರೂ ಅವರೇ ಬೇಕು. ಒಮ್ಮೆ ದಡದಲ್ಲಿ ಅವರ ಕೆಲಸ ನೋಡಿದೆ. ಎಂಜಿನ್ ಕುಂಟುತ್ತಿತ್ತು. ಇಂಜೆಕ್ಟರಿಗೆ ಡೀಸೆಲ್ ಒಯ್ಯುವ ಒಂದೊಂದೇ ಪೈಪಿನ ಮೇಲೆ ಆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು.

"ಏನ್ ಚಾಚಾ, ನಾಡಿ ನೋಡಿ ಕಷಾಯ ಬರದು ಕೊಡ್ತಿ ಏನು?" ಎಂದ ಬೋಟಿನವನು.

"ಸುಮ್ಕಿರಲೇ." ಒಂದೊಂದೇ ನಟ್ ಸಡಿಲಿಸಿ, ಎಂಜಿನ್ನಿನ ಸದ್ದು ಬದಲಾಗುತ್ತದೆಯೇ ಎಂದು ಕಿವಿಗೊಟ್ಟರು. "ಯಾವನ್ನ ಹೊರಗ ಹಾಕಿದ್ರ ಸಂಸಾರಕ್ಕ ಫರಕ್ ಬೀಳಂಗಿಲ್ಲೋ, ಅವನ ಆಲಸಿ. ಈ ಮೂರನೇದಾಂವ ನೋಡು."

ಮೂರನೆಯ ಇಂಜೆಕ್ಟರ್ ಬಿಚ್ಚಿದಾಗ ಅದರ ಬಾಯಿಗೆ ಮಸಿ ಕಟ್ಟಿತ್ತು.

ಆಮೇಲೆ ಬೋಟಿಗೆ ಹೊಸ ಎಂಜಿನ್ ಬಂತು. ಜೊತೆಗೊಂದು ದಪ್ಪ ಇಂಗ್ಲಿಷ್ ಮ್ಯಾನುಯಲ್. ಮಿಸ್ತ್ರಿ ಅದನ್ನು ನನ್ನ ವರಾಂಡಕ್ಕೆ ತಂದರು. "ಫೋನ್ ಕನ್ನಡ ಮಾಡಿ ಹೇಳ್ತೈತ್ರಿ ಅಕ್ಕೋರ, ಆದ್ರ ಇಂಜೆಕ್ಟರಿಗೆ 'ಸೂಜಿ ಚುಚ್ಚುವವನು' ಅಂತೈತಿ. ನೀವ ಓದ್ರಿ." ಕಾನ್ವೆಂಟಿನಲ್ಲಿ ಓದಿ, ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ನಾನು, ರಿಟೈರ್ ಆದಮೇಲೂ ಯಾರೋ ಓದಿಸಿಕೊಳ್ಳಲು ಬಂದರಲ್ಲ ಎಂದು ಉಬ್ಬಿದೆ. ಮೊದಲ ಪುಟಗಳನ್ನು ಸರಸರ ತಿರುವಿದೆ. "ಇವೆಲ್ಲ ವಾರ್ನಿಂಗ್ಸ್. ಕಂಪನಿಯವರು ಲಾಯರುಗಳಿಗೆ ಹೆದರಿ ಬರೆಯೋದು. ಸ್ಕಿಪ್ ಮಾಡೋಣ."

"ನೀವ ಅಂದ ಮ್ಯಾಲ ಮುಗೀತ್ರಿ."

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಕಂಪೌಂಡಿನ ಆಚೆಯಿಂದ ಮಿಸ್ತ್ರಿ ತಮ್ಮ ನುಣ್ಣನೆಯ ಬೆರಳೊಂದನ್ನು ತೋರಿಸಿದರು. ಡೀಸೆಲ್ ಎಲ್ಲಿ ಸೋರುತ್ತಿದೆ ಎಂದು ಹೊಸ ಎಂಜಿನ್ನಿನ ಪೈಪು ಸವರಿದ್ದರಂತೆ. ಸೂಜಿಮೊನೆಯಷ್ಟು ಚುಕ್ಕೆ, ರಕ್ತವಿಲ್ಲ. "ಇರುವಿ ಕಡದಂಗ ಆತು ನೋಡ್ರಿ." ನಾನು ಟಿಂಚರ್ ಹಚ್ಚಿ ಕಳಿಸಿದೆ.

ಮೂರನೆಯ ದಿನ ಅಂಗೈ ಊದಿತ್ತು, ಆ ಎರಡು ಬೆರಳು ನೀಲಿಗಟ್ಟಿದ್ದವು. ಕೊಪ್ಪಳದ ಆಸ್ಪತ್ರೆಯಲ್ಲಿ ಎರಡನ್ನೂ ತೆಗೆದರು. ಪೈಪಿನ ಒತ್ತಡಕ್ಕೆ ಚರ್ಮದೊಳಕ್ಕೆ ಡೀಸೆಲ್ ನುಗ್ಗಿತ್ತು, ಅವತ್ತೇ ಬಂದಿದ್ದರೆ ಕೊಯ್ದು ತೊಳೆಯಬಹುದಿತ್ತು ಎಂದರು ಡಾಕ್ಟರು. "ಎಂಜಿನ್ ಪುಸ್ತಕದಾಗ ಬರದಿರ್ತಾರಲ್ಲ, ಯಾರೂ ಓದಿ ಹೇಳಲಿಲ್ಲೇನು?"

ನಾನು ಮಂಚದ ಕಾಲ ಬಳಿ ನಿಂತಿದ್ದೆ. ಮಿಸ್ತ್ರಿ ನನ್ನತ್ತ ನೋಡಲಿಲ್ಲ.

"ನನಗ ಇಂಗ್ಲಿಷ್ ಬರಂಗಿಲ್ರಿ ಸಾಹೇಬ್ರ. ತಪ್ಪು ನಂದ."

ನಾನು ತುಟಿ ಬಿಚ್ಚಲಿಲ್ಲ. ಮನೆಗೆ ಬಂದು, ನನ್ನಲ್ಲೇ ಉಳಿದಿದ್ದ ಮ್ಯಾನುಯಲ್ ತೆರೆದೆ. ನಾಲ್ಕನೆಯ ಪುಟದಲ್ಲಿ, ಕಪ್ಪು ಚೌಕಟ್ಟಿನೊಳಗೆ ಇತ್ತು: ಸೋರಿಕೆಯನ್ನು ಎಂದೂ ಕೈಯಿಂದ ಹುಡುಕಬೇಡಿ, ಗಾಯ ಎಷ್ಟೇ ಚಿಕ್ಕದಿರಲಿ, ಕೂಡಲೇ ಆಸ್ಪತ್ರೆಗೆ ಹೋಗಿ. ಇಷ್ಟೇ. ಓದಲು ಅರ್ಧ ನಿಮಿಷವೂ ಬೇಕಿರಲಿಲ್ಲ.

ಆಮೇಲೆ ಮಿಸ್ತ್ರಿ ಎಡಗೈಯಿಂದ ಪೈಪು ಮುಟ್ಟಿ ನೋಡುತ್ತಿದ್ದರು. "ಈ ಕೈ ಸಾಲಿಗೆ ಹೋಗಿಲ್ರಿ ಅಕ್ಕೋರ, ಏನೂ ತಿಳಿಯಂಗಿಲ್ಲ ಇದಕ್ಕ" ಎಂದು ನಗುತ್ತಿದ್ದರು. ಗಿರಾಕಿಗಳು ಬೇರೆ ಕಡೆ ಹೋದರು. ಎಷ್ಟೋ ಸಂಜೆ ಹೇಳಿಬಿಡಬೇಕೆಂದೇ ಕಂಪೌಂಡಿನವರೆಗೆ ಹೋಗಿದ್ದೇನೆ.

"ಊಟ ಆಯ್ತಾ, ಮಿಸ್ತ್ರಿ?"

"ಆತ್ರಿ. ಮತ್ತೇನರ ಹೇಳೂದೈತೇನ್ರಿ?"

"ಏನಿಲ್ಲ."

ಹೀಗೇ ಎರಡು ವರ್ಷ. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಶೆಡ್ಡಿನ ಸ್ಟೂಲಿನ ಮೇಲೆ ಕುಳಿತಂತೆಯೇ ಹೋಗಿಬಿಟ್ಟರು. ಹಾರ್ಟ್ ಅಂದರು.

ನಲವತ್ತನೆಯ ದಿನದ ಪ್ರಾರ್ಥನೆಗೆ ಅವರ ಮನೆಗೆ ಹೋದೆ. ಬಂದವರೆಲ್ಲ ಎದ್ದ ಮೇಲೆ ಅವರ ಹೆಂಡತಿಯ ಪಕ್ಕ ಕುಳಿತು, ಪುಟ ತಿರುವಿದ್ದು, ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡದ್ದು, ಎಲ್ಲ ಹೇಳಿದೆ.

ಆಕೆ ಸೆರಗು ಸರಿಮಾಡಿಕೊಂಡಳು. "ಅವರಿಗೆ ಗೊತ್ತಿತ್ರಿ. 'ಅಕ್ಕೋರು ಒಂದಿನ ಹೇಳಾಕ ಬರ್ತಾರ. ಬಂದಾಗ ಏನೂ ಅನಬ್ಯಾಡ, ಛಲೋತ್ನಂಗ ಚಹಾ ಮಾಡಿ ಕೊಡು' ಅಂತಿದ್ರು. ಭಾಳ ದಿನ ದಾರಿ ನೋಡಿದ್ರು."

ಎದ್ದು ಹೋಗಿ ಒಲೆ ಹಚ್ಚಿದಳು.