ಹಿತ್ತಲ ಶೆಡ್ಡಿನಲ್ಲಿ ಐಸ್ ಹೋಟೆಲಿನ ತಾಲೀಮು

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಮ್ಮ ಹಿತ್ತಲ ಶೆಡ್ಡಿನ ಬಾಗಿಲು ತೆರೆದವರು ಪಕ್ಕದ ಮನೆಯ ಅಜ್ಜಿ ಮೋರಿನ್. ನಮ್ಮಿಂದ ಒಯ್ದಿದ್ದ ಏಣಿಯನ್ನು ಇಟ್ಟು ಹೋಗಲು ಬಂದಿದ್ದರು. ಒಳಗೆ ಹುಲ್ಲು ಕತ್ತರಿಸುವ ಮೆಷಿನ್ನಿನ ಪಕ್ಕದಲ್ಲಿ, ಸ್ಲೀಪಿಂಗ್ ಬ್ಯಾಗಿನೊಳಗೆ, ಮಂಕಿ ಕ್ಯಾಪ್ ಹಾಕಿಕೊಂಡು ನಾನು ಮಲಗಿದ್ದೆ.

ಮದುವೆಯ ಬೆಳ್ಳಿಹಬ್ಬಕ್ಕೆಂದು ಮಗಳು ನಮಗೆ ಉತ್ತರ ಧ್ರುವದ ಕಡೆಯ ಲ್ಯಾಪ್‌ಲ್ಯಾಂಡಿನ ಐಸ್ ಹೋಟೆಲಿನಲ್ಲಿ ರೂಮು ಬುಕ್ ಮಾಡಿದ್ದಳು. ಅಲ್ಲಿ ಗೋಡೆಯಷ್ಟೇ ಅಲ್ಲ, ಮಂಚವೂ ಮಂಜುಗಡ್ಡೆಯದು. ಹೆಂಡತಿಗೆ ಸಂಭ್ರಮ, ನನಗೆ ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟಿರುತ್ತೇನೆಂಬ ಭಯ. ಒಮ್ಮೆ ಪರೀಕ್ಷಿಸಿ, ಆಗದಿದ್ದರೆ ಹೋಗುವುದೇ ಬೇಡ ಎನ್ನೋಣವೆಂದು, ಡಾಕ್ಟರಾದ ಅವಳು ನೈಟ್ ಡ್ಯೂಟಿಗೆ ಹೋದ ಮೇಲೆ ಐರ್ಲೆಂಡಿನ ನಮ್ಮೂರು ಲೆಟರ್‌ಕೆನ್ನಿಯ ಜನವರಿ ಚಳಿಯಲ್ಲಿ ಶೆಡ್ಡು ಸೇರಿದ್ದೆ. ಬ್ಯಾಗಿನೊಳಗೆ ತೆಳ್ಳಗಿನ ಒಂದೇ ಪದರ ಬಟ್ಟೆ ಸಾಕೆಂದು ಹೋಟೆಲಿನವರು ಬರೆದಿದ್ದರು. ನಂಬಿಕೆ ಬರದೆ ಎರಡು ಸ್ವೆಟರು, ಒಂದು ಶಾಲು ಸೇರಿಸಿದ್ದೆ. ಮುಖದ ಮೇಲೆ ಬೆವರು ಧಾರೆಯಾಗಿ ಇಳಿಯುತ್ತಿತ್ತು.

ಮೋರಿನ್ ಅದನ್ನು ಕಣ್ಣೀರು ಎಂದುಕೊಂಡರು. "ಅಳಬೇಡಪ್ಪ. ಡಾಕ್ಟರಮ್ಮನ ಕೋಪ ಇಳಿಯೋವರೆಗೂ ನಮ್ಮ ಸ್ಪೇರ್ ರೂಮಲ್ಲಿರು. ಬೆಚ್ಚಗೆ, ಗ್ರ್ಯಾಂಡ್ ಆಗಿದೆ."

ಅಷ್ಟರಲ್ಲಿ ಆಸ್ಪತ್ರೆಯಿಂದ ಬಂದ ಹೆಂಡತಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಒಂದು ವಾರ ಇಟ್ಕೊಳ್ಳಿ, ಮೋರಿನ್," ಎಂದಳು.

ಐಸ್ ಹೋಟೆಲಿಗೆ ಹೋದೆವು. ಒಂದೇ ಪದರ ಬಟ್ಟೆಯಲ್ಲಿ ಗೊರಕೆ ಹೊಡೆದು ಮಲಗಿದೆ. ಮೋರಿನ್ ಮಾತ್ರ ನನ್ನ ತಾಲೀಮಿನ ಕಥೆಯನ್ನು ಇಂದಿಗೂ ನಂಬಿಲ್ಲ. ನಮ್ಮ ಮನೆಯಲ್ಲಿ ಹೆಂಡತಿಯ ದನಿ ಸ್ವಲ್ಪ ಏರಿದರೆ ಸಾಕು, ಬೇಲಿಯಾಚೆಯಿಂದ ಮೆಲ್ಲಗೆ ಕೇಳುತ್ತಾರೆ: "ಹೀಟರ್ ಹಾಕಿಡಲಾ?"