ಕೋಡಿಗೆ ಅಡ್ಡವಿಟ್ಟ ಮೂಟೆಗಳು

ನಮ್ಮೂರ ಕೆರೆ ಕಾಯುವ ನೀರಗಂಟಿಯ ಕಾಲ್ಬೆರಳುಗಳು ಜಗಳವಾಡಿದ ಅಣ್ಣತಮ್ಮಂದಿರಂತೆ ದೂರದೂರ ಹರಡಿಕೊಂಡಿದ್ದವು. ಸಂದಿನಲ್ಲಿ ಯಾವಾಗಲೂ ಕೆಮ್ಮಣ್ಣು. ಬರಿಗಾಲಲ್ಲಿ ನಡೆದರೆ ಮಾತ್ರ ಕೆರೆ ಏರಿ ಎಲ್ಲಿ ಮೆತ್ತಗಾಗಿದೆ ಎಂದು ತಿಳಿಯುತ್ತದಂತೆ. ಅದಕ್ಕೇ ಅವರು ಚಪ್ಪಲಿ ಹಾಕುತ್ತಿರಲಿಲ್ಲ. ಕೆರೆ ವರ್ಷಗಟ್ಟಲೆ ಒಣಗಿದ್ದಾಗಲೂ ದಿನಾ ಏರಿ ಸುತ್ತಿ ಬರುತ್ತಿದ್ದರು.

"ಏನಪ್ಪಾ, ಇವತ್ತು ಎಷ್ಟು ನೀರು?" ಎಂದು ನಾನು ರೇಗಿಸುತ್ತಿದ್ದೆ.

"ಬರ್ತದೆ ಬಿಡಮ್ಮ. ಅದ್ರ ಮನೆ ಇದು."

ಬಂದೇ ಬಂತು. ಆ ಮಳೆಗಾಲ ಮಾಕಳಿದುರ್ಗದ ಬೆಟ್ಟದ ಕಡೆಯಿಂದ ನೀರು ನುಗ್ಗಿ ಕೆರೆ ತುಂಬಿತು. ಅಷ್ಟು ವರ್ಷದ ಮೇಲೆ ಬಂದ ನೀರನ್ನು ಬಿಡಲು ಯಾರಿಗೂ ಮನಸ್ಸಿಲ್ಲ. ಹೆಚ್ಚಾದ ನೀರು ಹೊರಹೋಗುವ ಕೋಡಿಗೆ ಊರವರೆಲ್ಲ ಸೇರಿ ಮರಳುಮೂಟೆ ಅಡ್ಡವಿಟ್ಟೆವು. ನನಗೆ ಇನ್ನೊಂದು ಕಾರಣವೂ ಇತ್ತು. ಕೋಡಿಯ ಕಾಲುವೆಯನ್ನೇ ಮುಚ್ಚಿ ನಾನು ದ್ರಾಕ್ಷಿ ಹಾಕಿದ್ದೆ.

ಮೂರನೆಯ ದಿನ ಮಧ್ಯಾಹ್ನ ನೀರಗಂಟಿ ತೋಟಕ್ಕೆ ಬಂದರು.

"ಏರಿ ಬುಡದಲ್ಲಿ ಜಿನುಗೋ ನೀರು ನಿನ್ನೆ ತಿಳಿಯಾಗಿತ್ತು. ಇವತ್ತು ಕೆಂಪಗೈತೆ. ಒಳಗೆ ಮಣ್ಣು ಕರಗ್ತೈತೆ ಕಣಮ್ಮ. ಮೂಟೆ ತೆಗೀಬೇಕು."

ಏರಿಯ ಕೆಳಗೇ ಕಾಲೊನಿ. ಶಾಲೆಗೆ ರಜೆ ಇದ್ದುದರಿಂದ ಮಕ್ಕಳೆಲ್ಲ ಮನೆಯಲ್ಲಿದ್ದರು.

"ಇನ್ನೊಂದು ವಾರಕ್ಕೆ ಹಣ್ಣು ಕೊಯ್ಲಿಗೆ ಬರುತ್ತೆ. ಆಮೇಲೆ ನೋಡೋಣ."

"ಏರಿ ವಾರ ಕಾಯಲ್ಲಮ್ಮ."

ನನಗೆ ಮೂಗಿನ ತುದಿಯಲ್ಲೇ ಕೋಪ. "ಮೂಟೆ ಮುಟ್ಟಿದ್ರೆ ಸರಿ ಇರಲ್ಲ!" ಎಂದು ಕೂಗಿದೆ.

ಅವರು ನೇರ ಹೋಗಿ ಕೋಡಿಗೆ ಇಳಿದರು. ತೊಡೆಯುದ್ದ ನೀರಿನಲ್ಲಿ ಒಬ್ಬರೇ ಒಂದೊಂದೇ ಮೂಟೆ ಎಳೆದರು. ಒಮ್ಮೆ ಜಾರಿ ಮುಳುಗಿದರು. ಎದ್ದರು. ನಾನು ಬೇಲಿ ಬಿಟ್ಟು ಕದಲಲಿಲ್ಲ. ಕೊನೆಯ ಸಾಲು ಕಿತ್ತದ್ದೇ ನೀರು ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳನ್ನು ಕೆಡವಿಕೊಂಡು ನನ್ನ ತೋಟದ ಮೇಲೆ ಹರಿಯಿತು.

ಸದ್ದಿಗೆ ಕಾಲೊನಿಯವರು ಓಡಿ ಬಂದರು. "ಯಾರು ತೆಗೀರಿ ಅಂದಿದ್ದು?"

ನೀರಗಂಟಿ ಏದುಸಿರು ಬಿಡುತ್ತಾ ನನ್ನ ಕಡೆ ಕೈ ತೋರಿಸಿದರು. "ಅಮ್ಮೋರು ಕಣ್ರೋ. ತೋಟ ಹೋದ್ರೆ ಹೋಗ್ಲಿ, ಜನ ಉಳೀಲಿ ಅಂದ್ರು."

ಏರಿ ಉಳಿಯಿತು. ಯಾಕೆ ಹಾಗೆ ಹೇಳಿದಿರಿ ಎಂದು ಎಷ್ಟೋ ದಿನದ ಮೇಲೆ ಕೇಳಿದೆ.

"ಹೋಗಿದ್ದು ನಿಮ್ ತೋಟಾನೇ ತಾನೇ?" ಎಂದರು, ಅಷ್ಟೆ.

ಕಳೆದ ತಿಂಗಳು ಅವರು ತೀರಿಕೊಂಡರು. ಮಣ್ಣು ಮಾಡಿ ಬರುವಾಗ ಕಾಲೊನಿಯ ಹೆಂಗಸೊಬ್ಬಳು ನನ್ನ ಕೈ ಹಿಡಿದು, "ಅವತ್ತು ನೀವು ಹೂಂ ಅನ್ನದೆ ಹೋಗಿದ್ರೆ ನನ್ ಮಕ್ಳು ಉಳೀತಿರ್ಲಿಲ್ಲ ಕಣಮ್ಮ" ಎಂದು ಅತ್ತಳು. ಆಗಲೂ ನಾನು ಬಾಯಿ ಬಿಡಲಿಲ್ಲ. ನೆನೆದರೆ ನಾಚಿಕೆಯಾಗುತ್ತದೆ. ಆಕೆಗೆ ತಿಳಿಯಲಿ ಎಂದೇ ಇದನ್ನು ಬರೆದಿದ್ದೇನೆ. ಅವತ್ತು ನಾನು ಹೂಂ ಅಂದಿರಲಿಲ್ಲ.